ಮಕ್ಕಳ ಕೊಳದ ಸೆಟ್ಟಿಂಗ್

ಕಿರಿಸೊಸೆ ಮಾವನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ, ಕೇಳಬಾರದ ಪ್ರಶ್ನೆಯನ್ನು ಕೇಳಬಾರದ ದನಿಯಲ್ಲಿ ಕೇಳಿಬಿಟ್ಟಳು.

“ಇದನ್ನ ಯಾರು ಬರೆದಿದ್ದು?”

ಕಿಟಕಿಯ ಪಕ್ಕದ ಮೇಜಿನಿಂದ ಹಿರಿಸೊಸೆ ಕುರ್ಚಿ ತಿರುಗಿಸಿದಳು. “ನಾನು. ಯಾಕೆ?”

“ಏನಿಲ್ಲ ಅಕ್ಕಾ. ಸುಮ್ನೆ ಕೇಳಿದೆ.”

ಸುಮ್ಮನೆ ಕೇಳಿದ್ದಲ್ಲ ಎನ್ನುವುದು ಆ ಕೋಣೆಯ ಕುರ್ಚಿ ಮೇಜಿಗೂ ಗೊತ್ತಾಯಿತು. ಹಿರಿಸೊಸೆ ಮತ್ತೆ ಪರದೆಯ ಕಡೆ ತಿರುಗಿದಳು. ಅವಳ ಕಿವಿಯ ತುದಿ ಕೆಂಪಗಾಗಿತ್ತು.

ಈಜುಕೊಳದ ನೀರಿಗೆ ಕ್ಲೋರಿನ್ ಬೆರೆಸುವ ಯಂತ್ರ ಮಾಡುವ ಕಾರ್ಖಾನೆ ಅದು. ಕೆಳಗೆ ತಗಡಿನ ಶೆಡ್ಡು. ಅಲ್ಲಿ ಪೈಪು ಕತ್ತರಿಸುವ ಸದ್ದು, ಸಾಲಾಗಿ ನಿಂತ ನೀಲಿ ಡ್ರಮ್ಮುಗಳು, ಮೂಗಿಗೆ ಚುಚ್ಚುವ ವಾಸನೆ. ಮೇಲೆ ಗಾಜಿನ ಕೋಣೆ. ಅಲ್ಲಿ ಲೆಕ್ಕಪತ್ರ ನೋಡುವ ಇಬ್ಬರು ಮೂವರ ನಡುವೆ ಯಂತ್ರದೊಳಗೆ ಕೂರುವ ಪ್ರೋಗ್ರಾಮು ತಯಾರಾಗುತ್ತಿತ್ತು. ಹಿತ್ತಲ ಗೋಡೆ ದಾಟಿದರೆ ಮನೆ. ಕೆಳಗಿನ ಅಂತಸ್ತಿನಲ್ಲಿ ಮಾವ, ಹಿರಿಮಗ, ಹಿರಿಸೊಸೆ, ಅವರ ಮಗು. ಮೇಲಿನ ಎರಡು ಕೋಣೆ ಹೊಸದಾಗಿ ಮದುವೆಯಾದ ಕಿರಿಮಗನಿಗೆ. ಅಡುಗೆಮನೆ ಒಂದೇ. ಹಿರಿಮಗ ಊರೂರು ತಿರುಗಿ ಯಂತ್ರ ಮಾರುತ್ತಿದ್ದ, ಮನೆಗೆ ಬರುತ್ತಿದ್ದುದೇ ಅಪರೂಪ. ಕಿರಿಮಗ ಮಾರಿದ ಯಂತ್ರಗಳನ್ನು ಕೊಳಗಳಲ್ಲಿ ಕೂರಿಸಿ ಬರುತ್ತಿದ್ದ. ಹೀಗಾಗಿ ಮನೆಯವರಲ್ಲಿ ಹಗಲೆಲ್ಲ ಗಾಜಿನ ಕೋಣೆಯಲ್ಲಿ, ಸಂಜೆಯೆಲ್ಲ ಅಡುಗೆಮನೆಯಲ್ಲಿ ಎದುರುಬದುರಾಗುತ್ತಿದ್ದವರು ವಾರಗಿತ್ತಿಯರಿಬ್ಬರೇ.

ಹಿರಿಸೊಸೆ ಬರೆದಿದ್ದ ಪ್ರೋಗ್ರಾಮಿನ ಆ ತುಣುಕಿನ, ಅಂದರೆ ಕ್ಲಾಸಿನ, ಹೆಸರು ‘ಸೆಟ್ಟಿಂಗ್ಸ್’. ಕೊಳದಲ್ಲಿ ಎಷ್ಟು ನೀರಿದೆ, ಕ್ಲೋರಿನ್ ಎಷ್ಟು ಹೊತ್ತಿಗೊಮ್ಮೆ ಬಿಡಬೇಕು, ಪಂಪು ಎಷ್ಟು ವೇಗವಾಗಿ ತಿರುಗಬೇಕು, ಎಚ್ಚರಿಕೆಯ ಗಂಟೆ ಹೇಗೆ ಕೂಗಬೇಕು, ಪರದೆಗೆ ಯಾವ ಬಣ್ಣ, ಪಾಸ್‌ವರ್ಡ್ ಏನು, ಕೊಳಕ್ಕೆ ಯಾವತ್ತು ರಜೆ, ಹೀಗೆ ಯಂತ್ರಕ್ಕೆ ಹೊರಗಿನಿಂದ ಹೇಳಿಕೊಡಬೇಕಾದದ್ದೆಲ್ಲ ಆ ಒಂದರೊಳಗೇ ತುಂಬಿತ್ತು. ಪ್ರೋಗ್ರಾಮಿನ ಯಾವ ಮೂಲೆಯಿಂದ ಬೇಕಾದರೂ ಅದರೊಳಗೆ ಕೈಹಾಕಿ ಏನನ್ನು ಬೇಕಾದರೂ ಓದಬಹುದಿತ್ತು. ಓದಿದ್ದನ್ನು ಬದಲಾಯಿಸಿ ಇಡಲೂಬಹುದಿತ್ತು. ಪರದೆಗೆ ಬಣ್ಣ ಬಳಿಯುವ ತುಣುಕಿಗೆ ಕ್ಲೋರಿನ್ನಿನ ಅಳತೆ ತಿದ್ದುವ ಅಧಿಕಾರ ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳುವವರೂ ಇರಲಿಲ್ಲ.

ಅದನ್ನು ಬರೆದ ಕಾಲದಲ್ಲಿ ಕಾರ್ಖಾನೆಗೆ ಇದ್ದದ್ದು ಒಂದೇ ಮಾದರಿಯ ಯಂತ್ರ. ಆಗ ಹಿರಿಸೊಸೆಯನ್ನು ಮಾವ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪ್ರೋಗ್ರಾಮು ಬರೆಯುತ್ತಿದ್ದವನು ಜಗಳವಾಡಿ ಬಿಟ್ಟುಹೋದಾಗ, ಮಗುವಿನ ತೊಟ್ಟಿಲನ್ನು ಕಾಲಲ್ಲಿ ತೂಗುತ್ತಾ ಕೈಯಲ್ಲಿ ಕೀಬೋರ್ಡ್ ಕುಟ್ಟಿ ಅವಳು ಯಂತ್ರ ಓಡಿಸಿ ತೋರಿಸಿದ್ದಳು. ಅಂದಿನಿಂದ ಮಾವ ಅವಳನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆಯುತ್ತಿರಲಿಲ್ಲ. ಆ ‘ಸೆಟ್ಟಿಂಗ್ಸ್’ ಅವಳಿಗೆ ಬರೀ ಕೋಡ್ ಆಗಿರಲಿಲ್ಲ, ಆ ಮನೆಯಲ್ಲಿ ಅವಳು ತಲೆಯೆತ್ತಿ ನಿಂತ ಜಾಗ. ಹೊಸಬಳು ಬಂದು ಅದರ ಮೇಲೆ ಬೆರಳಿಟ್ಟು ಮೂಗು ಮುರಿದಿದ್ದಳು.

ಕಿರಿಸೊಸೆಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಾಯಿ ಮುಚ್ಚಿಕೊಂಡಿರುತ್ತಿದ್ದಳೇ ಎಂದರೆ ಅದೂ ಇಲ್ಲ. ದೊಡ್ಡ ಕಂಪನಿಯಲ್ಲಿ ಕೆಲಸ ಮಾಡಿ ಬಂದವಳು, ಕೆಟ್ಟ ಕೋಡ್ ಕಂಡರೆ ಊಟದಲ್ಲಿ ಕಲ್ಲು ಸಿಕ್ಕಂತೆ ಮುಖ ಹಿಂಡುವವಳು. ನೀರಿನ ಪ್ರಮಾಣಕ್ಕೆ ಹಿರಿಸೊಸೆ ‘ವಾಲ್’ ಎಂದು ಮೊಟಕು ಹೆಸರಿಟ್ಟಿದ್ದನ್ನು ಕಂಡು ಎಲ್ಲರಿಗೂ ಕೇಳುವಂತೆ ನಕ್ಕಳು. “ವಾಲ್ ಅಂದ್ರೆ ಏನು ಅಕ್ಕಾ? ಗೋಡೆನಾ, ಪೈಪಿನ ವಾಲ್ವಾ? ವಾಲ್ಯೂಮ್ ಅಂತ ಪೂರ್ತಿ ಬರೆದ್ರೆ ಕೈ ನೋಯುತ್ತಾ?”

“ನನಗೆ ಅರ್ಥ ಆಗುತ್ತೆ. ಯಂತ್ರಕ್ಕೂ ಆಗುತ್ತೆ. ನಿನಗೆ ಆಗ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ?”

ಮಾವ ಹೊಸ ಮಾದರಿಯ ಯಂತ್ರವನ್ನು ಮಾರುಕಟ್ಟೆಗೆ ತರಲು ಹೊರಟಾಗ ಕಿರಿಸೊಸೆ ತನ್ನ ಯೋಜನೆ ಮುಂದಿಟ್ಟಳು. ಗಾಜಿನ ಕೋಣೆಯ ಬಿಳಿಹಲಗೆಯ ಮೇಲೆ ಚೌಕಗಳನ್ನು ಬರೆದು ವಿವರಿಸಿದಳು. ಎಲ್ಲವನ್ನೂ ತುಂಬಿಕೊಂಡ ದೊಡ್ಡ ಡಬ್ಬಿಯಂಥ ಒಂದು ಆಬ್ಜೆಕ್ಟ್ ಬೇಡ. ಕ್ಲೋರಿನ್ ಬಿಡುವ ಭಾಗಕ್ಕೆ ಅದರದೇ ಪುಟ್ಟ ಸೆಟ್ಟಿಂಗ್ ಆಬ್ಜೆಕ್ಟ್, ಪಂಪಿಗೆ ಪಂಪಿನದು, ಗಂಟೆಗೆ ಗಂಟೆಯದು. ಯಂತ್ರ ಎದ್ದೇಳುವ ಹೊತ್ತಿಗೇ ಆಯಾ ಕೊಳದ ಸಂಖ್ಯೆಗಳಿರುವ ಕಡತದಿಂದ ಓದಿ, ಸರಿಯಿದೆಯೇ ನೋಡಿ, ಯಾರಿಗೆ ಯಾವುದು ಬೇಕೋ ಅದನ್ನು ಅವರ ಕೈಗೇ ಕೊಡುವುದು. ಒಮ್ಮೆ ಕೊಟ್ಟಮೇಲೆ ಯಾರೂ ತಿದ್ದುವಂತಿಲ್ಲ. ಪಕ್ಕದವರದ್ದು ಕಣ್ಣಿಗೇ ಬೀಳುವುದಿಲ್ಲ.

“ಕಡತದಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿದ್ರೆ?” ಹಿರಿಸೊಸೆ ಕೈಕಟ್ಟಿ ಕೇಳಿದಳು.

“ಯಂತ್ರ ಸ್ಟಾರ್ಟ್ ಆಗ್ಲೇಬಾರದು.”

“ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಕೊಳಕ್ಕೆ ಕ್ಲೋರಿನ್ ಯಾರು ಹಾಕ್ತಾರೆ, ನಿಮ್ಮಪ್ಪ ಬಂದು ಹಾಕ್ತಾರಾ? ಎರಡು ದಿನ ಬಿಟ್ರೆ ನೀರು ಹಸಿರಾಗುತ್ತೆ. ಜನ ಅದರಲ್ಲೇ ಇಳೀತಾರೆ. ಹೊಟ್ಟೆನೋವು, ಚರ್ಮದ ಕಾಯಿಲೆ, ಎಲ್ಲಾ ಬರುತ್ತೆ. ಸಂಖ್ಯೆ ಸಿಗದಿದ್ರೆ ಮೊದಲೇ ಇಟ್ಟಿರೋ ಒಂದು ಡಿಫಾಲ್ಟ್ ಸಂಖ್ಯೆ ತಗೊಂಡು ಓಡ್ಬೇಕು. ಇಷ್ಟು ವರ್ಷ ಹಾಗೇ ಓಡಿದೆ.”

“ತಪ್ಪು ಸಂಖ್ಯೆ ಇಟ್ಕೊಂಡು ಓಡೋದು ನಿಂತಿರೋದಕ್ಕಿಂತ ಅಪಾಯ ಅಕ್ಕಾ.”

“ಇಷ್ಟು ವರ್ಷ ಯಾರು ಸತ್ತಿದಾರೆ ತೋರಿಸು.”

“ಅಕ್ಕಾ, ಇದು ನಿಮಗೆ ಅರ್ಥ ಆಗಲ್ಲ, ಬಿಡಿ.”

ಮಾತು ಬಾಯಿಂದ ಜಾರಿತು. ಕೋಣೆಯಲ್ಲಿದ್ದ ಬೇರೆಯವರು ತಮ್ಮ ತಮ್ಮ ಪರದೆಗಳಲ್ಲಿ ಏನೋ ಮಹತ್ವದ್ದನ್ನು ಹುಡುಕತೊಡಗಿದರು. ಹಿರಿಸೊಸೆ ಬಿಳಿಹಲಗೆಯ ಬಳಿ ಹೋಗಿ, ಒರೆಸುವ ಬಟ್ಟೆಯನ್ನು ಎತ್ತಿಕೊಂಡು, ಚೌಕಗಳ ನಡುವೆ ಕಿರಿಸೊಸೆ ಬರೆದಿದ್ದ ತನ್ನ ಕ್ಲಾಸಿನ ಹೆಸರನ್ನಷ್ಟೇ ಒರೆಸಿ ಹೊರಗೆ ಹೋದಳು.

ಮಾವನಿಗೆ ಕೋಡ್ ತಿಳಿಯದು, ಮನೆ ತಿಳಿಯುತ್ತಿತ್ತು. ಇಬ್ಬರು ಸೊಸೆಯರ ನಡುವೆ ತಟ್ಟೆಲೋಟಗಳು ಸದ್ದು ಮಾಡತೊಡಗಿ ವಾರ ಕಳೆದಿತ್ತು. ಅವರು ಇಬ್ಬರನ್ನೂ ಕೂರಿಸಿಕೊಂಡು, ಆಸ್ತಿ ಪಾಲು ಮಾಡುವವರಂತೆ ತೀರ್ಪು ಕೊಟ್ಟರು. “ಚಿಕ್ಕವಳು ಹೇಳಿದ ಹಾಗೆ ಸಣ್ಣ ಸಣ್ಣ ಕ್ಲಾಸ್ ಮಾಡಿ. ದೊಡ್ಡವಳು ಹೇಳಿದ ಹಾಗೆ ಡಿಫಾಲ್ಟೂ ಇರ್ಲಿ. ಇಬ್ಬರದೂ ಆಯ್ತಲ್ಲ? ಇನ್ನು ನನ್ನ ತಲೆ ತಿನ್ಬೇಡಿ.”

ಇಬ್ಬರಿಗೂ ಸಮಾಧಾನವಾಗದ ತೀರ್ಪು ಅದು. ಆದರೂ ಕಿರಿಸೊಸೆ ಹಾಗೆಯೇ ಬರೆದಳು. ಡಿಫಾಲ್ಟ್ ಎಂದು ಯಾವ ಸಂಖ್ಯೆ ಇಡಲಿ ಎಂದು ಬಾಯಿಬಿಟ್ಟು ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ಹಳೆಯ ‘ಸೆಟ್ಟಿಂಗ್ಸ್’ನಲ್ಲಿದ್ದುದನ್ನೇ, ಅಂದರೆ ದೊಡ್ಡವರು ಈಜುವ ದೊಡ್ಡ ಕೊಳದ ಅಳತೆಯನ್ನೇ, ತೆಗೆದು ಹಾಕಿದಳು. ‘ವಾಲ್’ ಎಂಬ ಹೆಸರನ್ನು ಕಿತ್ತೆಸೆದು ‘ವಾಲ್ಯೂಮ್’ ಮಾಡಿದಳು. ಹೆಸರು ಬದಲಾಗಿದೆ ಎಂದು ಯಾರಿಗೂ ಹೇಳಲಿಲ್ಲ. ಹೇಳಬೇಕಾದರೆ ಹಿರಿಸೊಸೆಗೆ ಹೇಳಬೇಕು. ಅಷ್ಟರಲ್ಲಿ ಇಬ್ಬರ ನಡುವೆ ಮಾತೇ ನಿಂತಿತ್ತು. ಉಪ್ಪಿನ ಡಬ್ಬಿ ಬೇಕಾದರೂ “ಮಾವ, ಉಪ್ಪು ಆ ಕಡೆ ಇದೆ ಅನ್ಸುತ್ತೆ” ಎಂದು ಅವರ ಮೂಲಕ ದಾಟುತ್ತಿತ್ತು.

ಆದರೆ ಹಿರಿಸೊಸೆ ಹೊಸ ಕೋಡನ್ನು ಸಾಲು ಬಿಡದೆ ಓದಿದ್ದಳು. ಶತ್ರುವಿನ ಮನೆಯ ಮೇಲೆ ಕಣ್ಣಿಟ್ಟವರ ಹಾಗೆ ಓದಿದ್ದಳು. ಹೆಸರು ಬದಲಾದದ್ದು ಅವಳ ಕಣ್ಣಿಗೆ ಮೊದಲು ಬಿದ್ದಿತ್ತು.

ಹೊಸ ಯಂತ್ರ ಮೊದಲು ಕೂತದ್ದು ನಗರಸಭೆಯ ಈಜುಕೊಳದಲ್ಲಿ. ದೊಡ್ಡ ಕೊಳದಲ್ಲಿ ಅದು ಗಡಿಯಾರದಂತೆ ಓಡಿತು. ಓಡದೆ ಏನು? ಅಲ್ಲಿಯ ಕಡತದಲ್ಲೂ ಹಳೆಯ ಹೆಸರೇ ಇದ್ದು ಹೊಸದು ಸಿಗದಿದ್ದರೂ ಡಿಫಾಲ್ಟ್ ಸಂಖ್ಯೆ ಆ ಕೊಳದ ಅಳತೆಗೇ ಸರಿಹೋಗುತ್ತಿತ್ತು. ಮಾವ ಸಿಹಿ ಹಂಚಿದರು. ಕಿರಿಸೊಸೆ ಬೀಗಿದಳು. ಪಕ್ಕದಲ್ಲೇ ಇದ್ದ ಮಕ್ಕಳ ಕೊಳಕ್ಕೂ ಒಂದು ಯಂತ್ರ ಬೇಕೆಂದು ಕೊಳದವರು ಹೇಳಿದರು.

ಆ ಯಂತ್ರದ ಕಡತ ತುಂಬಲು ಕಿರಿಮಗ ಗಾಜಿನ ಕೋಣೆಗೆ ಬಂದಾಗ ಹೆಂಡತಿ ಅಲ್ಲಿರಲಿಲ್ಲ. ಬೆಳಿಗ್ಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು, ಅದೂ ಅತ್ತಿಗೆಯ ವಿಷಯಕ್ಕೇ. ಅವನು ಹಳೆಯ ಯಂತ್ರದ ಕಡತವೊಂದನ್ನು ತೆರೆದು, ನಕಲು ಮಾಡಿ, ‘ವಾಲ್’ ಎಂಬುದರ ಎದುರು ಮಕ್ಕಳ ಕೊಳದ ಪುಟ್ಟ ಅಳತೆ ಬರೆದ.

“ಅತ್ತಿಗೆ, ಹಿಂದಿನ ಥರಾನೇ ತುಂಬಿದ್ರೆ ಸಾಕಲ್ವಾ?”

ಹಿರಿಸೊಸೆ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು. ನೋಡಿದ ಕೂಡಲೇ ಗೊತ್ತಾಯಿತು. ಹೊಸ ಪ್ರೋಗ್ರಾಮು ‘ವಾಲ್ಯೂಮ್’ಗಾಗಿ ಹುಡುಕುತ್ತದೆ, ಸಿಗುವುದಿಲ್ಲ. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವಳ ನಾಲಿಗೆಯ ತುದಿಗೆ ಬಂದೂ ಇತ್ತು. ಅದರ ಹಿಂದೆಯೇ ‘ಇದು ನಿಮಗೆ ಅರ್ಥ ಆಗಲ್ಲ, ಬಿಡಿ’ ಎಂಬುದೂ ಬಂತು.

“ನಿನ್ನ ಹೆಂಡತೀನ ಕೇಳು,” ಎಂದು ತನ್ನ ಜಾಗಕ್ಕೆ ಹೋಗಿ ಕೂತಳು.

ಅವನು ಕೇಳಲಿಲ್ಲ. ಹಿರಿಸೊಸೆ ಎಣಿಸಿದ್ದು ಇಷ್ಟೇ: ಯಂತ್ರ ಕೂರಿಸಿದ ಮೇಲೆ ಪರದೆಯಲ್ಲಿ ತಪ್ಪು ಅಂಕಿ ಕಾಣುತ್ತದೆ, ಕೊಳದವರು ನೋಡಿ ನಗುತ್ತಾರೆ, ದೂರು ಬರುತ್ತದೆ, ಚಿಕ್ಕವಳ ಮುಖ ಒಂದು ಬೆಳಗಿನ ಮಟ್ಟಿಗಾದರೂ ಕಪ್ಪಿಡುತ್ತದೆ. ಪರದೆಯಲ್ಲಿ ಆ ಅಂಕಿಯನ್ನು ತೋರಿಸುವ ಸಾಲನ್ನೇ ಕಿರಿಸೊಸೆ ಬರೆದಿಲ್ಲ ಎಂಬುದು, ಇದ್ದ ಸಾಲುಗಳನ್ನಷ್ಟೇ ಓದಿದವಳ ಗಮನಕ್ಕೆ ಬಂದಿರಲಿಲ್ಲ. ಮಕ್ಕಳು ಅವಳ ಎಣಿಕೆಯಲ್ಲೇ ಇರಲಿಲ್ಲ.

ಯಂತ್ರವನ್ನು ಕಿರಿಮಗ ಸಂಜೆ ಕೂರಿಸಿ ಓಡಲು ಬಿಟ್ಟು ಬಂದ. ಮರುದಿನ ಬೆಳಿಗ್ಗೆ ಕಿರಿಸೊಸೆ ಅದನ್ನು ನೋಡಲು ಹೋದಳು.

ಬಾಗಿಲು ದಾಟುವ ಮೊದಲೇ ವಾಸನೆ ಬಂತು. ಕೊಳಗಳಲ್ಲಿ ಸದಾ ಇರುವ ತಿಳಿವಾಸನೆಯಲ್ಲ. ಗಂಟಲಿಗೆ ಉಗುರು ಹಾಕಿದಂಥದ್ದು. ಒಳಗೆ ಸೀಟಿ ಒಂದೇ ಸಮನೆ ಕೂಗುತ್ತಿತ್ತು. ಈಜು ಕಲಿಸುವ ಹೆಂಗಸನ್ನು ಎಲ್ಲರೂ ಸೀಟಿ ಟೀಚರ್ ಎಂದೇ ಕರೆಯುತ್ತಿದ್ದರು. ಆಕೆ ಮೊಣಕಾಲುದ್ದದ ನೀರಿನಲ್ಲಿ ನಿಂತು, ಮಕ್ಕಳನ್ನು ರಟ್ಟೆ ಹಿಡಿದು ಒಬ್ಬೊಬ್ಬರನ್ನೇ ದಂಡೆಗೆ ಎತ್ತಿಹಾಕುತ್ತಿದ್ದಳು. ಮಕ್ಕಳು ಕಣ್ಣುಜ್ಜಿಕೊಂಡು ಅರಚುತ್ತಿದ್ದರು, ಕೆಮ್ಮುತ್ತಿದ್ದರು. ಹೊರಗೆ ಕಾದಿದ್ದ ಅಮ್ಮಂದಿರು ಒಳಗೆ ನುಗ್ಗಿ ಯಾರದೋ ಮಗುವನ್ನು ಎತ್ತಿಕೊಂಡು ಓಡುತ್ತಿದ್ದರು.

ಕಿರಿಸೊಸೆ ಪಂಪಿನ ಕೋಣೆಗೆ ಓಡಿದಳು. ಯಂತ್ರದ ದೀಪ ಹಸಿರಾಗಿತ್ತು. ಎಲ್ಲ ಸರಿಯಿದೆ ಎನ್ನುವಾಗ ಉರಿಯಲೆಂದು ಅವಳೇ ಇಟ್ಟಿದ್ದ ಹಸಿರು. ಅದು ಟಿಕ್ ಟಿಕ್ ಎನ್ನುತ್ತಾ, ದೊಡ್ಡ ಕೊಳಕ್ಕೆ ಬೇಕಾದಷ್ಟು ಕ್ಲೋರಿನ್ನನ್ನು ಆ ಬೋಗುಣಿಯಂಥ ಕೊಳಕ್ಕೆ ಶ್ರದ್ಧೆಯಿಂದ ಬಿಡುತ್ತಿತ್ತು. ಅವಳು ಪ್ಲಗ್ಗು ಕಿತ್ತಳು. ಡ್ರಮ್ಮಿನ ವಾಲ್ವ್ ತಿರುಗಿಸಲು ಹೋದರೆ ಅದು ಕಚ್ಚಿಕೊಂಡಿತ್ತು. ಎರಡೂ ಕೈ ಹಾಕಿ, ಅಂಗೈ ಸಿಪ್ಪೆ ಸುಲಿಯುವಂತೆ ತಿರುವಿ ಮುಚ್ಚಿದಳು. ಹೊರಬಂದಾಗ ಸೀಟಿ ಟೀಚರ್ ತೋಟದ ಪೈಪು ಹಿಡಿದು ಸಾಲಾಗಿ ಕೂತ ಮಕ್ಕಳ ಕಣ್ಣಿಗೆ ನೀರು ಬಿಡುತ್ತಿದ್ದಳು.

“ನೀನೇನಾ ಯಂತ್ರದವಳು?”

“ಹೌದು.”

“ಹಿಡಿ ಪೈಪು. ಆಮೇಲೆ ಬೈತೀನಿ.”

ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿ ಅಳುತ್ತಿರಲಿಲ್ಲ. ಉಬ್ಬಸದ ಹುಡುಗಿ. ಅಳಲು ಉಸಿರೇ ಸಾಲದೆ, ಎರಡೂ ಕೈಗಳನ್ನು ನೆಲಕ್ಕೂರಿ ಬಾಗಿ ಕೂತಿದ್ದಳು. ತುಟಿಯ ಬಣ್ಣ ಬದಲಾಗಿತ್ತು. ಆಂಬುಲೆನ್ಸ್ ಬರುವವರೆಗೆ ಅವಳ ಅಮ್ಮ ಅವಳ ಬೆನ್ನು ಸವರುತ್ತಾ “ನಿಧಾನ, ನಿಧಾನ” ಎನ್ನುತ್ತಿದ್ದಳು. ಕಿರಿಸೊಸೆ ಪೈಪು ಹಿಡಿದುಕೊಂಡು ನೋಡುತ್ತಾ ನಿಂತಳು. ನೀರು ಎಲ್ಲೆಲ್ಲಿಗೋ ಬೀಳುತ್ತಿತ್ತು.

ಹುಡುಗಿ ಉಳಿದಳು. ಆಸ್ಪತ್ರೆಯಿಂದ ಆ ಸುದ್ದಿ ಬರುವವರೆಗೆ ಕಾರ್ಖಾನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಬಂದ ಮೇಲೆ ಎಲ್ಲರೂ ಒಟ್ಟಿಗೆ ಬಿಟ್ಟರು.

ಮಾವ ಗಾಜಿನ ಕೋಣೆಯ ಬಾಗಿಲು ಹಾಕಿದರು. ಒಳಗೆ ಇಬ್ಬರು ಸೊಸೆಯರು, ಕಿರಿಮಗ, ಅವರು. “ನಗರಸಭೆಯವರು ನಾಳೆ ಬರ್ತಾರೆ. ನಾನು ಏನು ಹೇಳ್ಲಿ? ಯಾರ ತಪ್ಪು ಅಂತ ಹೇಳ್ಲಿ?”

“ಕೋಡ್ ಯಾರದು ಅಂತ ಕೇಳಿ ಮಾವ,” ಎಂದಳು ಹಿರಿಸೊಸೆ.

“ಡಿಫಾಲ್ಟ್ ಯಾರದು ಅಂತಾನೂ ಕೇಳಿ,” ಕಿರಿಸೊಸೆಯ ದನಿ ಕೀರಲಾಗಿತ್ತು. “ಸಂಖ್ಯೆ ಇಲ್ಲದಿದ್ರೆ ಓಡಬಾರದು ಅಂತ ನಾನು ಬಡ್ಕೊಂಡೆ. ಓಡ್ಬೇಕು ಅಂತ ಹಟ ಹಿಡಿದಿದ್ದು ಅಕ್ಕ.”

“ಸಂಖ್ಯೆ ಇತ್ತಲ್ಲ! ಕಡತದಲ್ಲಿ ಸಂಖ್ಯೆ ಇತ್ತು. ನಿನ್ನ ಪ್ರೋಗ್ರಾಮಿಗೆ ಅದು ಕಾಣ್ಲಿಲ್ಲ, ಯಾಕಂದ್ರೆ ನೀನು ಹೆಸರು ಬದಲಾಯಿಸಿದೆ. ವಾಲ್ಯೂಮ್ ಅಂತೆ, ವಾಲ್ಯೂಮ್! ಯಾರಿಗೆ ಹೇಳಿದ್ದೆ? ಪಾಪ, ಇವನಿಗೇನು ಗೊತ್ತು, ಹಳೇ ಹೆಸರಲ್ಲೇ ತುಂಬಿದ. ಇವನು ತುಂಬುವಾಗಲೇ ನಾನು ನೋಡಿದ್ದೆ, ಇದು ಇವತ್ತಲ್ಲ ನಾಳೆ...”

ಅಲ್ಲಿಗೆ ನಿಂತಳು. ಕೆಳಗಿನ ಶೆಡ್ಡಿನಲ್ಲಿ ಯಾರೋ ಪೈಪನ್ನು ನೆಲಕ್ಕೆ ಬಿಟ್ಟ ಸದ್ದು ಮೇಲಿನವರೆಗೆ ಕೇಳಿತು.

“ಯಾವಾಗ ನೋಡಿದ್ದು?” ಮಾವ ಕೇಳಿದರು.

ಹಿರಿಸೊಸೆ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿಕೊಂಡಳು.

“ಅತ್ತಿಗೆ,” ಕಿರಿಮಗ ಮೆಲ್ಲಗೆ ಹೇಳಿದ, “ನಾನು ನಿಮ್ಮನ್ನ ಕೇಳಿದ್ದೆ. ಹಿಂದಿನ ಥರಾನೇ ತುಂಬಿದ್ರೆ ಸಾಕಲ್ವಾ ಅಂತ ಕೇಳಿದ್ದೆ.”

“ಗೊತ್ತಿದ್ದೂ ಸುಮ್ನಿದ್ರಾ?” ಕಿರಿಸೊಸೆ ಎದ್ದು ನಿಂತಿದ್ದಳು. “ಅಲ್ಲಿ ಆ ಮಗು ಉಸಿರಿಗೆ ಒದ್ದಾಡ್ತಿತ್ತು. ನೀವು ಇಲ್ಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಕಾಯ್ತಾ ಇದ್ರಾ?”

“ಹೇಳಿದ್ರೆ ನೀನು ಕೇಳ್ತಿದ್ದೆಯಾ?” ಹಿರಿಸೊಸೆಯೂ ಎದ್ದಳು. “ಎಲ್ಲರೆದುರು ಏನಂದಿದ್ದೆ, ನೆನಪಿದೆಯಾ? ನನಗೆ ಅರ್ಥ ಆಗಲ್ಲ ಅಂದಿದ್ದೆ. ಸರಿ, ಅರ್ಥ ಆಗದವಳು ಯಾಕೆ ಬಾಯಿ ಹಾಕ್ಲಿ? ನೀನು ನಗೆಪಾಟಲಾಗ್ಲಿ ಅಂತ ಸುಮ್ನಿದ್ದೆ. ಹೌದು, ಅದಕ್ಕೇ ಸುಮ್ನಿದ್ದೆ! ಮಕ್ಕಳಿಗೆ ಹೀಗಾಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?”

“ಥೂ,” ಎಂದಳು ಕಿರಿಸೊಸೆ.

ಕಿರಿಮಗ ಹೆಂಡತಿಯ ಕೈ ಹಿಡಿಯಲು ಹೋದ. ಅವಳು ಕೊಡವಿದಳು. “ನೀನೂ ಹೆಸರು ಬದಲಾಯಿಸಿದ್ದನ್ನ ನನಗೆ ಹೇಳ್ಲಿಲ್ಲ,” ಎಂದು ಅವನು ಅಂದದ್ದು ಅವಳಿಗೆ ಎಲ್ಲಕ್ಕಿಂತ ಜೋರಾಗಿ ತಾಗಿತು. ಮಾವ ಇಬ್ಬರು ಸೊಸೆಯರ ಮುಖವನ್ನೂ ನೋಡದೆ ಕುರ್ಚಿಯಲ್ಲಿ ಕುಸಿದರು. ತಮ್ಮ ತೀರ್ಪಿನ ಬಗ್ಗೆ ಅವರು ಒಂದಕ್ಷರ ಎತ್ತಲಿಲ್ಲ. ಎತ್ತುವ ಜಾಯಮಾನವೂ ಅವರದಲ್ಲ.

ಅಂದೇ ಸಂಜೆ ಮೇಲಿನ ಕೋಣೆಯಲ್ಲಿ ಬೇರೆ ಒಲೆ ಹತ್ತಿತು.

ಮಾವನ ಅಪ್ಪಣೆಯಂತೆ ಇಬ್ಬರೂ ಆ ಹುಡುಗಿಯ ಮನೆಗೆ ಕ್ಷಮೆ ಕೇಳಲು ಹೋದರು. ಒಂದೇ ರಿಕ್ಷಾದಲ್ಲಿ, ನಡುವೆ ಕೈಚೀಲಗಳನ್ನು ಇಟ್ಟುಕೊಂಡು. ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಹಿರಿಸೊಸೆ ಏದುಸಿರು ಬಿಟ್ಟರೂ ಕಿರಿಸೊಸೆ ನಿಲ್ಲಲಿಲ್ಲ.

ಬಾಗಿಲು ತೆರೆದ ತಾಯಿ ಅವರನ್ನು ಒಳಗೆ ಕರೆಯಲಿಲ್ಲ. ಒಂದು ಕೈ ಬಾಗಿಲ ಮೇಲೇ ಇತ್ತು. ಒಳಗಿನಿಂದ ಟಿವಿಯ ಸದ್ದು, ಅದರ ನಡುವೆ ಸಣ್ಣ ಕೆಮ್ಮು ಕೇಳುತ್ತಿತ್ತು.

“ಯಾರು ಮಾಡಿದ್ದು ಅದನ್ನ?” ತಾಯಿ ಕೇಳಿದಳು.

“ನಾನು,” ಎಂದಳು ಕಿರಿಸೊಸೆ. “ಪ್ರೋಗ್ರಾಮ್ ಬರೆದಿದ್ದು ನಾನು. ಒಂದು ಹೆಸರು ಬದಲಾಯಿಸಿದ್ದೆ, ಯಾರಿಗೂ ಹೇಳಿರ್ಲಿಲ್ಲ. ತಪ್ಪಾಯ್ತು.”

ತಾಯಿಯ ಕಣ್ಣು ಹಿರಿಸೊಸೆಯ ಕಡೆ ಹೊರಳಿತು. “ನೀವು?”

ನಾನು ಬರೀ ಜೊತೆಗೆ ಬಂದವಳು ಎಂದು ಹಿರಿಸೊಸೆ ಹೇಳಿದ್ದರೆ ಅದನ್ನು ಅಲ್ಲಗಳೆಯುವವಳು ಅಲ್ಲಿ ಒಬ್ಬಳೇ ಇದ್ದಳು.

“ನನಗೆ ಮೊದಲೇ ಗೊತ್ತಿತ್ತು,” ಎಂದಳು. “ಹೇಳ್ಲಿಲ್ಲ.”

ತಾಯಿ ಬಾಗಿಲನ್ನು ಇನ್ನಷ್ಟು ಎಳೆದುಕೊಂಡಳು. “ಗೊತ್ತಿದ್ದೂ?” ಎಂದಳು. ಇನ್ನೇನೋ ಹೇಳಲು ಹೊರಟವಳು ಒಳಗಿನ ಕೆಮ್ಮು ಕೇಳಿ ತಿರುಗಿದಳು. “ನೀವು ಮನುಷ್ಯರಾ? ಹೋಗಿ. ಇನ್ನೊಂದ್ ಸಲ ಈ ಬಾಗಿಲಿಗೆ ಬರ್ಬೇಡಿ.” ಕದ ಮುಖಕ್ಕೆ ಬಡಿದಂತೆ ಮುಚ್ಚಿತು.

ಕೆಳಗೆ ಬೀದಿಯಲ್ಲಿ ಕಿರಿಸೊಸೆ ಕೇಳಿದಳು, “ಅದನ್ನ ಯಾಕೆ ಹೇಳಿದ್ರಿ? ಅವರಿಗೆ ಸಮಾಧಾನ ಆಗ್ಲಿ ಅಂತಾನಾ, ನಿಮಗೆ ಆಗ್ಲಿ ಅಂತಾನಾ?”

“ನಿನ್ನ ಹತ್ರ ಉತ್ತರ ಹೇಳೋಕೆ ನಾನು ಬಂದಿಲ್ಲ,” ಎಂದು ಹಿರಿಸೊಸೆ ಬೇರೆ ರಿಕ್ಷಾ ಹತ್ತಿದಳು.

ಯಂತ್ರವನ್ನು ತಿದ್ದಿ ತೋರಿಸದಿದ್ದರೆ ಎಲ್ಲ ಕೊಳಗಳಿಂದಲೂ ಕಿತ್ತುಹಾಕುತ್ತೇವೆ ಎಂದು ನಗರಸಭೆಯವರು ಗಡುವು ಕೊಟ್ಟರು. ಮಾವ ಈ ಸಲ ರಾಜಿ ಮಾಡಲಿಲ್ಲ. ಡಿಫಾಲ್ಟ್ ಬೇಡ, ಸಂಖ್ಯೆ ಇಲ್ಲದಿದ್ದರೆ ಯಂತ್ರ ಏಳಬಾರದು ಎಂದರು. ಜೊತೆಗೆ ಇನ್ನೊಂದು ಮಾತು: “ಇಬ್ಬರೂ ಒಂದೇ ಪರದೆ ಮುಂದೆ ಕೂತು ಬರೀಬೇಕು. ಒಬ್ಬಳಿಗೆ ಗೊತ್ತಿರೋದು ಇನ್ನೊಬ್ಬಳಿಗೆ ಗೊತ್ತಿಲ್ಲ ಅನ್ನೋ ಮಾತು ಇನ್ನು ನನ್ನ ಕಿವಿಗೆ ಬೀಳಕೂಡದು.”

ಕುರ್ಚಿಗಳೆರಡನ್ನು ಒಂದು ಮೇಜಿನ ಮುಂದೆ ಹಾಕಿದರೂ ಅವುಗಳ ನಡುವೆ ಮೂರನೆಯದೊಂದು ಹಿಡಿಯುವಷ್ಟು ಜಾಗವಿತ್ತು. ಕಿರಿಸೊಸೆ ಟೈಪು ಮಾಡುವಳು, ಹಿರಿಸೊಸೆ ಪರದೆ ನೋಡುವಳು. ಪ್ರತಿ ಸಂಖ್ಯೆಗೂ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಮಿತಿ ಹಾಕಬೇಕಿತ್ತು. ಮಿತಿ ದಾಟಿದ್ದನ್ನು ಆಬ್ಜೆಕ್ಟ್ ಹುಟ್ಟುವಾಗಲೇ ತಿರಸ್ಕರಿಸಬೇಕಿತ್ತು. ಕಿರಿಸೊಸೆ ಪುಸ್ತಕ ನೋಡಿ ಪಂಪಿನ ವೇಗಕ್ಕೆ ಕನಿಷ್ಠ ಮಿತಿ ಬರೆದಳು.

“ಅದನ್ನ ತೆಗಿ. ಅಷ್ಟು ನಿಧಾನ ಓಡಿದ್ರೆ ಪೈಪಲ್ಲಿ ಗಾಳಿ ತುಂಬ್ಕೊಳುತ್ತೆ.”

“ಪುಸ್ತಕದಲ್ಲಿ ಹಾಗೇ ಇದೆ.”

“ಪುಸ್ತಕ ಬರೆದವನು ಪಂಪ್ ಬಿಚ್ಚಿ ನೋಡಿಲ್ಲ. ನಾನು ನೋಡಿದೀನಿ.”

ಕಿರಿಸೊಸೆ ಕೆಳಗೆ ಹೋಗಿ ಪಂಪನ್ನು ಓಡಿಸಿ ನೋಡಿ ಬಂದಳು. ಹಿರಿಸೊಸೆ ಹೇಳಿದ್ದು ನಿಜವಾಗಿತ್ತು. ಸಂಖ್ಯೆ ಬದಲಾಯಿಸಿದಳು. ಕೀಲಿಗಳನ್ನು ಅವಳು ಒತ್ತಿದ ರಭಸಕ್ಕೆ ಮೇಜು ಅಲುಗಿತು. ನೀರಿನ ಪ್ರಮಾಣದ ಹೆಸರು ಬಂದಾಗ ಹಿರಿಸೊಸೆ ‘ವಾಲ್ಯೂಮ್’ ಕೂಡ ಸಾಲದು ಎಂದಳು. ಲೀಟರಿನಲ್ಲೋ ಗ್ಯಾಲನ್ನಿನಲ್ಲೋ ಎಂದು ಹೆಸರಲ್ಲೇ ಕಾಣಬೇಕು, ಇಲ್ಲದಿದ್ದರೆ ತುಂಬುವವನಿಗೆ ಹೇಗೆ ಗೊತ್ತಾಗುತ್ತದೆ? ಅದೂ ಸರಿಯೇ ಎಂದು ಕಿರಿಸೊಸೆಗೆ ಗೊತ್ತಿತ್ತು. ಗೊತ್ತಿದ್ದುದೇ ಅವಳಿಗೆ ಉರಿ ಹತ್ತಿಸಿತು.

ಹಿರಿಸೊಸೆಗೂ ಬೇರೆ ಥರದ ಉರಿ. ಪಂಪಿನ ಕ್ಲಾಸು ಪಂಪಿನದನ್ನಷ್ಟೇ, ಗಂಟೆಯದು ಗಂಟೆಯದನ್ನಷ್ಟೇ ಹಿಡಿದುಕೊಂಡು ತೆಪ್ಪಗೆ ಇರುವುದನ್ನು ಅವಳು ದಿನವೂ ನೋಡುತ್ತಿದ್ದಳು. ತಪ್ಪು ಎಲ್ಲಿದೆ ಎಂದು ಹುಡುಕಲು ಈಗ ಇಡೀ ಪ್ರೋಗ್ರಾಮನ್ನು ಜಾಲಾಡಬೇಕಿರಲಿಲ್ಲ. ತನ್ನ ಕೋಡಿನಲ್ಲಿ ತಾನೇ ಎಷ್ಟು ಮಧ್ಯಾಹ್ನಗಳನ್ನು ಹಾಗೆ ಕಳೆದಿದ್ದೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಅದನ್ನು ಅವಳು ಸತ್ತರೂ ಬಾಯಿಬಿಟ್ಟು ಹೇಳುವವಳಲ್ಲ. ‘ಸೆಟ್ಟಿಂಗ್ಸ್’ ಕ್ಲಾಸನ್ನು ಅಳಿಸುವ ದಿನ, “ಅದನ್ನ ನಾನೇ ಮಾಡ್ತೀನಿ, ಕೈ ತೆಗಿ,” ಎಂದು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. ಅಳಿಸಿದ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಕಿರಿಸೊಸೆ ಕಿಟಕಿಯಾಚೆ ನೋಡುತ್ತಿರುವಂತೆ ನಟಿಸಿದಳು.

ತಿದ್ದಿದ ಯಂತ್ರವನ್ನು ಮಕ್ಕಳ ಕೊಳದಲ್ಲಿ ಕೂರಿಸಿದ ದಿನ ನಗರಸಭೆಯ ಅಧಿಕಾರಿ, ಮಾವ, ಕಿರಿಮಗ, ಇಬ್ಬರು ಸೊಸೆಯರು ಎಲ್ಲರೂ ದಂಡೆಯ ಮೇಲಿದ್ದರು. ಮೊದಲು ಕಡತದಿಂದ ನೀರಿನ ಸಂಖ್ಯೆಯನ್ನು ತೆಗೆದು ಓಡಿಸಿದರು. ಯಂತ್ರ ಏಳಲಿಲ್ಲ. ಪರದೆಯ ಮೇಲೆ, ಕೊಳದಲ್ಲಿ ಎಷ್ಟು ಲೀಟರ್ ನೀರಿದೆ ಎಂದು ತಿಳಿಸದೆ ಶುರುವಾಗುವುದಿಲ್ಲ ಎಂದು ದೊಡ್ಡ ಅಕ್ಷರಗಳಲ್ಲಿ ಬಂತು. ದೊಡ್ಡ ಕೊಳದ ಸಂಖ್ಯೆ ಹಾಕಿದರು. ಇದು ಮಕ್ಕಳ ಕೊಳದ ಮಿತಿ ಮೀರಿದೆ ಎಂದು ಮತ್ತೆ ನಿಂತಿತು. ಸರಿಯಾದ ಸಂಖ್ಯೆ ಹಾಕಿದ ಮೇಲೆ ಎದ್ದು ಓಡತೊಡಗಿತು. ಅಧಿಕಾರಿ ನೀರನ್ನು ಸಣ್ಣ ಗಾಜಿನ ನಳಿಗೆಯಲ್ಲಿ ಹಿಡಿದು ಬಣ್ಣ ನೋಡಿ ತಲೆಯಾಡಿಸಿದ.

“ನೀವು ಒಪ್ಪಿದ್ರೆ ಆಯ್ತಾ?” ಸೀಟಿ ಟೀಚರ್ ಮುಂದೆ ಬಂದಳು. ಅವಳ ಬೆನ್ನ ಹಿಂದೆ, ಈಜುಬಟ್ಟೆ ಹಾಕಿದ ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಸಾಲು ಮೊದಲಿಗಿಂತ ಚಿಕ್ಕದಾಗಿತ್ತು. “ಅವತ್ತೂ ಹಸಿರು ದೀಪಾನೇ ಉರೀತಿತ್ತು. ನನಗೆ ನಿಮ್ಮ ನಳಿಗೇನೂ ಬೇಡ, ದೀಪಾನೂ ಬೇಡ. ಬರೆದವರು ಯಾರು? ಇವರಿಬ್ಬರಾ? ಇಳೀರಿ ಮೊದಲು.”

“ಏನಂದ್ರಿ?” ಹಿರಿಸೊಸೆ.

“ನೀರಿಗೆ ಇಳೀರಿ ಅಂದೆ. ಇಬ್ಬರೂ. ನೀವು ಇಳಿದು ಎದ್ದು ಬಂದ ಮೇಲೆ ನಾನು ಮಕ್ಕಳನ್ನ ಬಿಡ್ತೀನಿ. ಇಲ್ಲಾಂದ್ರೆ ಗಂಟುಮೂಟೆ ಕಟ್ಟಿ.”

ಅಧಿಕಾರಿ ಕೆಮ್ಮಿದ. ಮಾವ ಆಕಾಶ ನೋಡಿದರು. ಕಿರಿಸೊಸೆ ಚಪ್ಪಲಿ ಬಿಟ್ಟು, ಉಟ್ಟ ಬಟ್ಟೆಯಲ್ಲೇ ಮೆಟ್ಟಿಲಿಳಿದಳು. ನೀರು ಮೊಣಕಾಲಿಗೆ ಬಂತು. ಅವಳು ಇಳಿದ ಮೇಲೆ ಹಿಂದೆ ಉಳಿಯುವುದು ಹಿರಿಸೊಸೆಯಿಂದ ಆಗದ ಮಾತು. ಕೈಗಡಿಯಾರ ಬಿಚ್ಚಿ ಮೈದುನನ ಕೈಗೆ ಕೊಟ್ಟು, ಬಟ್ಟೆ ಎತ್ತಿ ಹಿಡಿದು ಅವಳೂ ಇಳಿದಳು.

“ನಿಂತ್ರೆ ಆಗ್ಲಿಲ್ಲ. ಕೂತ್ಕೊಳಿ. ತಲೆ ಮುಳುಗಿಸಿ, ಕಣ್ಣು ಬಿಡ್ಕೊಂಡು. ಮಕ್ಕಳು ಹಾಗೇ ಮುಳುಗೋದು.”

ಗೋಡೆಯ ಬಳಿಯ ಮಕ್ಕಳು ಕಿಸಕ್ಕೆಂದರು. ಇಬ್ಬರೂ ಕೂತು, ಮೂಗು ಹಿಡಿದು ಮುಳುಗಿದರು. ಕಣ್ಣು ಬಿಟ್ಟರೆ ನೀಲಿ ಟೈಲ್ಸು, ಎದುರಿಗೆ ಇನ್ನೊಬ್ಬಳ ಉಬ್ಬಿದ ಕೆನ್ನೆ, ತೇಲುವ ಕೂದಲು. ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ಸೀಟಿ ಟೀಚರ್ ದಂಡೆಯ ಮೇಲೆ ಬಾಗಿ, ಒಬ್ಬೊಬ್ಬರ ರೆಪ್ಪೆಯನ್ನೂ ಹೆಬ್ಬೆರಳಿನಿಂದ ಎಳೆದು ಬೆಳಕಿಗೆ ಹಿಡಿದು ನೋಡಿದಳು. ಗದ್ದ ಹಿಡಿದು ತಿರುಗಿಸುವಾಗ ಕನಿಕರವೇನೂ ತೋರಲಿಲ್ಲ.

“ಉರಿ ಇದೆಯಾ?”

“ಇಲ್ಲ,” ಎಂದಳು ಕಿರಿಸೊಸೆ.

“ನಿಮಗೆ?”

“ಇಲ್ಲ.”

“ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಿ.”

ಇಬ್ಬರೂ ಸೊಂಟದವರೆಗೆ ನೀರಿನಲ್ಲಿ ಕೂತರು. ಒದ್ದೆ ಬಟ್ಟೆ ಗಾಳಿ ತುಂಬಿ ಸುತ್ತ ಉಬ್ಬಿಕೊಂಡಿತು. ಹಿರಿಸೊಸೆ ಅದನ್ನು ಒತ್ತಿ ಒತ್ತಿ ಕೂರಿಸುತ್ತಾ, “ಆ ಕಡೆ ಸರಿ, ಕಾಲು ತಾಗ್ತಿದೆ,” ಎಂದಳು.

“ನೀವೇ ಸರೀರಿ. ಆ ಕಡೆ ಬೇಕಾದಷ್ಟು ಜಾಗ ಇದೆ.”

ಯಾರೂ ಸರಿಯಲಿಲ್ಲ. ಕೊನೆಗೆ ಸೀಟಿ ಕೂಗಿತು. ಮಕ್ಕಳು ಓಡಿ ಬಂದು ಧುಮುಕಿದರು. ಎರಚಿದ ನೀರು ಇಬ್ಬರ ಮುಖಕ್ಕೂ ಹೊಡೆಯಿತು. ಉಬ್ಬಸದ ಹುಡುಗಿ ಅವರಲ್ಲಿರಲಿಲ್ಲ. ಅವಳು ಮುಂದೆ ಯಾವತ್ತೂ ಆ ಕೊಳಕ್ಕೆ ಬರಲಿಲ್ಲ ಎಂದು ಸೀಟಿ ಟೀಚರ್ ಆಮೇಲೆ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಕಿರಿಸೊಸೆ ಕಣ್ಣೊರೆಸಿಕೊಂಡು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ, ಯಾರಾದರೂ ಕೆಮ್ಮುತ್ತಾರೇನೋ ಎಂದು ಕಿವಿಗೊಟ್ಟು ಕೂತಿದ್ದಳು. ಹಿರಿಸೊಸೆ ಎದ್ದು ಬಟ್ಟೆ ಹಿಂಡಿಕೊಳ್ಳುತ್ತಿದ್ದವಳು ಮೆಟ್ಟಿಲ ಬಳಿ ನಿಂತುಬಿಟ್ಟಳು. ಅವಳೂ ಕಿವಿಗೊಟ್ಟಿದ್ದಳು.